ಹೊಟ್ಟೆಯೊಳಗೆ ಉಬ್ಬುವ ನರ: ಬಟ್ಟಿ ತಿಕ್ಕಿಸುವ ಮುನ್ನ ಒಂದು ಸ್ಕ್ಯಾನ್ ಮಾಡಿಸಿ

* ಬೀಡಿ ಸೇದಿದ ಹಿರಿಯರಿಗೆ ಅಪಾಯ ಹೆಚ್ಚು * ಮೊದಲೇ ಗೊತ್ತಾದರೆ ಚಿಕಿತ್ಸೆ ಉಂಟು * ಗಡಿ ಊರುಗಳಿಗೆ ದೂರವೇ ದೊಡ್ಡ ತೊಡಕು

ರಾಯದುರ್ಗ/ಮಡಕಶಿರಾ: ವಯಸ್ಸಾದವರಿಗೆ ಹೊಟ್ಟೆ ನೋವು ಬಂದರೆ ‘ಗ್ಯಾಸ್’. ಸೊಂಟ ಹಿಡಿದರೆ ‘ವಯಸ್ಸಾಯ್ತಲ್ಲ’. ಹೊಕ್ಕುಳ ಹತ್ತಿರ ದಬದಬ ಬಡಿದುಕೊಂಡರೆ ‘ಬಟ್ಟಿ ಬಿದ್ದಿದೆ’. ಗಡಿ ಭಾಗದ ಹಳ್ಳಿಗಳಲ್ಲಿ ಈ ಮೂರು ಮಾತು ಹೇಳಿದರೆ ವಿಚಾರಣೆ ಮುಗಿದಂತೆಯೇ. ಮೆಡಿಕಲ್ ಸ್ಟೋರಿನಿಂದ ಎರಡು ಗುಳಿಗೆ, ಇಲ್ಲವೇ ಬಟ್ಟಿ ತಿಕ್ಕುವವರ ಮನೆಗೆ ಒಂದು ನಡಿಗೆ. ಎಷ್ಟೋ ಸಲ ಅದು ಗ್ಯಾಸೇ ಇರುತ್ತದೆ, ನೋವು ಹೋಗುತ್ತದೆ, ಮರೆತೂ ಹೋಗುತ್ತದೆ.

ಆದರೆ ಅಪರೂಪಕ್ಕೆ ಈ ಮೂರೂ ಲಕ್ಷಣಗಳ ಹಿಂದೆ ಒಂದೇ ಕಾಯಿಲೆ ಅಡಗಿರುತ್ತದೆ. ಹೊಟ್ಟೆಯೊಳಗಿನ ಅತಿ ದೊಡ್ಡ ರಕ್ತನಾಳ ಸವೆದು ಉಬ್ಬಿಕೊಂಡಿರುತ್ತದೆ. ವೈದ್ಯರು ಇದನ್ನು ‘ಅಬ್ಡಾಮಿನಲ್ ಅಯೋರ್ಟಿಕ್ ಅನ್ಯೂರಿಸಂ’ ಅನ್ನುತ್ತಾರೆ. ಚಿಕ್ಕದಾಗಿ ‘ಟ್ರಿಪಲ್ ಎ’. ಕನ್ನಡದಲ್ಲಿ ಹೇಳುವುದಾದರೆ ಹೊಟ್ಟೆಯ ಮಹಾಧಮನಿಯ ಉಬ್ಬು. ಹಳ್ಳಿಯ ಮಾತಿನಲ್ಲಿ ‘ದೊಡ್ಡ ನರ ಊದಿಕೊಂಡಿದೆ’ ಅಂದರೂ ತಪ್ಪಿಲ್ಲ.

ಈ ಉಬ್ಬು ಒಡೆದರೆ ಉಳಿಯುವವರು ಕಡಿಮೆ. ಒಡೆದ ಹತ್ತು ಜನರಲ್ಲಿ ಸುಮಾರು ಎಂಟು ಮಂದಿ ಆಸ್ಪತ್ರೆ ಮುಟ್ಟುವ ಮೊದಲೋ ಅಥವಾ ಆಪರೇಷನ್ ನಂತರವೋ ಸಾಯುತ್ತಾರೆ ಎಂಬುದು ವೈದ್ಯಲೋಕದ ಲೆಕ್ಕ. ದೊಡ್ಡ ಆಸ್ಪತ್ರೆ ಪಕ್ಕದಲ್ಲೇ ಇರುವ ದೇಶಗಳ ಮಾತು ಇದು. ರಾಯದುರ್ಗದ ಡಿ.ಹಿರೇಹಾಳು, ಗುಮ್ಮಗಟ್ಟದ ಕಡೆಯವರಿಗೆ, ಮಡಕಶಿರಾದ ಅಗಳಿ, ರೊಳ್ಳ, ಅಮರಾಪುರದ ಕಡೆಯವರಿಗೆ ಲೆಕ್ಕ ಇನ್ನೂ ಕಠಿಣ. ಒಡೆಯುವ ಮೊದಲೇ ಪತ್ತೆಯಾದರೆ ಮಾತ್ರ ಕಥೆ ಪೂರ್ತಿ ಬೇರೆ. ಪತ್ತೆ ಮಾಡಲು ಬೇಕಾದದ್ದು ತಾಲ್ಲೂಕು ಮಟ್ಟದಲ್ಲೂ ಸಿಗುವ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಅಷ್ಟೆ.

ಏನಿದು ಉಬ್ಬು?

ಹೃದಯದಿಂದ ಹೊರಟ ಮಹಾಧಮನಿ ಎದೆಯಲ್ಲಿ ಬಾಗಿ, ಬೆನ್ನೆಲುಬಿನ ಮುಂದೆ ಕೆಳಗಿಳಿದು ಹೊಟ್ಟೆಗೆ ಬರುತ್ತದೆ. ಅಲ್ಲಿ ಲಿವರ್, ಕರುಳು, ಕಿಡ್ನಿಗಳಿಗೆ ಕವಲು ಕೊಟ್ಟು, ಹೊಕ್ಕುಳ ಸುಮಾರಿಗೆ ಎರಡಾಗಿ ಸೀಳಿ ಎರಡೂ ಕಾಲಿಗೆ ಹೋಗುತ್ತದೆ. ತೋಟಕ್ಕೆ ನೀರು ಹಾಯಿಸುವ ಮೇನ್ ಪೈಪ್ ಇದ್ದಂತೆ. ಹೊಟ್ಟೆಯ ಭಾಗದಲ್ಲಿ ಇದರ ಅಗಲ ಸಾಮಾನ್ಯವಾಗಿ 2 ಸೆಂಟಿಮೀಟರ್, ಅಂದರೆ ಹೆಬ್ಬೆರಳ ದಪ್ಪ.

ಈ ನಾಳದ ಗೋಡೆಯಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ಎಳೆಗಳಿರುತ್ತವೆ. ವಯಸ್ಸು, ಹೊಗೆ, ಬಿ.ಪಿ. ಸೇರಿಕೊಂಡು ವರ್ಷಗಟ್ಟಲೆ ಆ ಎಳೆಗಳನ್ನು ಸವೆಸುತ್ತವೆ. ಸವೆದ ಕಡೆ ಸೈಕಲ್ ಟ್ಯೂಬು ಉಬ್ಬುತ್ತದಲ್ಲ, ಹಾಗೆ ನಾಳ ಉಬ್ಬತೊಡಗುತ್ತದೆ. ಅಗಲ 3 ಸೆಂ.ಮೀ. ಮುಟ್ಟಿದರೆ ಅದನ್ನು ಅನ್ಯೂರಿಸಂ ಎಂದು ಕರೆಯುತ್ತಾರೆ. ಹೆಚ್ಚಿನ ಉಬ್ಬುಗಳು ಕಿಡ್ನಿಯ ಕವಲಿನ ಕೆಳಗೆ, ಹೊಕ್ಕುಳ ಮೇಲ್ಭಾಗದಲ್ಲಿ ಬರುತ್ತವೆ.

ಬಲೂನು ಊದಿದವರಿಗೆ ಒಂದು ಸಂಗತಿ ಗೊತ್ತು. ಮೊದಲ ಉಸಿರಿಗೆ ಅದು ಬಗ್ಗುವುದಿಲ್ಲ, ಒಮ್ಮೆ ಊದಿಕೊಂಡರೆ ಆಮೇಲೆ ಸಲೀಸು. ನಾಳವೂ ಹಾಗೇ. ಅಗಲವಾದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ, ಎಳೆತ ಹೆಚ್ಚಿದಷ್ಟೂ ಇನ್ನೂ ಅಗಲವಾಗುತ್ತದೆ. ಅದಕ್ಕೇ ಸಣ್ಣ ಉಬ್ಬು ವರ್ಷಗಟ್ಟಲೆ ಸುಮ್ಮನಿರುತ್ತದೆ, ದೊಡ್ಡ ಉಬ್ಬು ಬೇಗ ಬೆಳೆಯುತ್ತದೆ.

ಯಾರಿಗೆ ಬರುತ್ತದೆ?

ಮೊದಲ ಹೆಸರು ಬೀಡಿ, ಸಿಗರೇಟಿನದು. ಈ ಕಾಯಿಲೆಗೆ ಹೊಗೆ ಸೇದುವುದರಷ್ಟು ಗಟ್ಟಿಯಾದ ಕಾರಣ ಇನ್ನೊಂದಿಲ್ಲ. ಸೇದುವವರಿಗೆ ಸೇದದವರಿಗಿಂತ ಹಲವು ಪಟ್ಟು ಹೆಚ್ಚು ಅಪಾಯ. ಉಬ್ಬು ಬಂದ ಮೇಲೂ ಸೇದುತ್ತಿದ್ದರೆ ಅದು ಬೇಗ ಬೆಳೆಯುತ್ತದೆ, ಬೇಗ ಒಡೆಯುತ್ತದೆ. ‘ಅರವತ್ತು ವರ್ಷ ಸೇದೀನಿ, ಈಗ ಬಿಟ್ಟು ಏನು ಬಂತು’ ಅನ್ನುವ ಅಜ್ಜಂದಿರು ಇದನ್ನು ಗಮನಿಸಬೇಕು. ಯಾವ ವಯಸ್ಸಿನಲ್ಲಿ ಬಿಟ್ಟರೂ ಉಬ್ಬು ಬೆಳೆಯುವ ವೇಗ ತಗ್ಗುತ್ತದೆ.

ಎರಡನೆಯದು ವಯಸ್ಸು ಮತ್ತು ಗಂಡಸುತನ. 60–65 ದಾಟಿದ ಗಂಡಸರಲ್ಲಿ ಹೆಂಗಸರಿಗಿಂತ ನಾಲ್ಕೈದು ಪಟ್ಟು ಹೆಚ್ಚು. ಹಾಗಂತ ಹೆಂಗಸರು ನಿಶ್ಚಿಂತೆಯಿಂದ ಇರುವಂತಿಲ್ಲ. ಅವರಲ್ಲಿ ಬರುವುದು ಕಡಿಮೆಯಾದರೂ, ಬಂದರೆ ಗಂಡಸರಿಗಿಂತ ಸಣ್ಣ ಗಾತ್ರದಲ್ಲೇ ಒಡೆಯುತ್ತದೆ.

ಮೂರನೆಯದು ರಕ್ತಸಂಬಂಧ. ಅಪ್ಪನಿಗೋ ಅಣ್ಣನಿಗೋ ಈ ಉಬ್ಬು ಇದ್ದರೆ ಮಕ್ಕಳಿಗೂ ತಮ್ಮಂದಿರಿಗೂ ಅಪಾಯ ಹೆಚ್ಚು. ಇದರ ಜೊತೆಗೆ ಬಿ.ಪಿ., ಕೊಲೆಸ್ಟ್ರಾಲ್, ಹೃದಯದ ರಕ್ತನಾಳದ ಕಾಯಿಲೆಗಳು ಸೇರುತ್ತವೆ. ವಿಚಿತ್ರವೆಂದರೆ ಸಕ್ಕರೆ ಕಾಯಿಲೆಯವರಲ್ಲಿ ಈ ಉಬ್ಬು ಕಡಿಮೆಯೇ ಕಂಡುಬಂದಿದೆ. ಆದರೆ ಸಕ್ಕರೆ ಕಾಯಿಲೆ ಬೇರೆ ನೂರು ತೊಂದರೆ ಕೊಡುವುದರಿಂದ ಅದರಲ್ಲಿ ಸಮಾಧಾನ ಪಡುವಂಥದ್ದೇನಿಲ್ಲ.

ನಮ್ಮ ದೇಶದಲ್ಲಿ ಇನ್ನೊಂದು ಗುಂಪೂ ಉಂಟು. ಟಿ.ಬಿ. ಅಥವಾ ಟೈಫಾಯ್ಡ್ ಜಾತಿಯ ಸೋಂಕು ನಾಳದ ಗೋಡೆಗೆ ತಗುಲಿ ಉಬ್ಬು ಬರಬಹುದು. ತಕಯಾಸು ಎಂಬ ನಾಳದ ಉರಿಯೂತದಿಂದ ಚಿಕ್ಕ ವಯಸ್ಸಿನವರಿಗೂ, ಅದರಲ್ಲೂ ಹೆಣ್ಣುಮಕ್ಕಳಿಗೆ, ಬರುವುದುಂಟು. ಇವು ಅಪರೂಪ, ಚಿಕಿತ್ಸೆಯ ದಾರಿಯೂ ಬೇರೆ.

ಬಟ್ಟಿ ಬಡಿಯುವುದೂ ಇದೇ ನಾಳ

ಹೊಕ್ಕುಳ ಮೇಲೆ ಬೆರಳಿಟ್ಟು ‘ಬಟ್ಟಿ ಸರಿದಿದೆ’ ಎಂದು ಹೇಳುವವರ ಬೆರಳಿಗೆ ಸಿಗುವ ಬಡಿತ ಇದೇ ಮಹಾಧಮನಿಯದು. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಅಂಗಾತ ಮಲಗಿದರೆ ತೆಳ್ಳಗಿರುವ ಯಾರಿಗಾದರೂ ಅದು ಕೈಗೆ ಸಿಗುತ್ತದೆ. ಅದರಲ್ಲಿ ಗಾಬರಿಯಾಗುವಂಥದ್ದಿಲ್ಲ. ನಾಳ ಎಲ್ಲಿಗೂ ಸರಿದಿರುವುದೂ ಇಲ್ಲ.

ಗಮನಿಸಬೇಕಾದದ್ದು ಬಡಿತದ ರೀತಿ. ಎರಡೂ ಕೈ ಬೆರಳುಗಳನ್ನು ಹೊಕ್ಕುಳ ಮೇಲ್ಭಾಗದ ಎರಡು ಬದಿಗೆ ಮೆಲ್ಲಗೆ ಇಟ್ಟಾಗ, ಒಂದೊಂದು ಬಡಿತಕ್ಕೂ ಎರಡೂ ಕೈ ಆಚೆ ಈಚೆ ತಳ್ಳಿದಂತಾದರೆ, ಒಳಗೆ ಉಂಡೆಯಂಥದ್ದು ಸಿಕ್ಕರೆ ಅದು ಉಬ್ಬಿರಬಹುದು. ಅಂಥವರ ಹೊಟ್ಟೆಗೆ ಎಣ್ಣೆ ಹಚ್ಚಿ ಒತ್ತಿ ತಿಕ್ಕುವುದು, ಚೊಂಬು ಕೂರಿಸುವುದು ಖಂಡಿತ ಬೇಡ. ಸವೆದ ಗೋಡೆಗೆ ಆ ಒತ್ತಡ ಒಳ್ಳೆಯದಲ್ಲ. ಒಳಗೆ ಹೆಪ್ಪುಗಟ್ಟಿದ ರಕ್ತದ ಚೂರು ಕಿತ್ತು ಕಾಲಿನ ನಾಳಕ್ಕೆ ಸಿಕ್ಕಿಕೊಂಡರೆ ಪಾದ ತಣ್ಣಗಾಗಿ ನೀಲಿಗಟ್ಟುವ ಅಪಾಯವೂ ಇದೆ.

ದಪ್ಪ ಹೊಟ್ಟೆಯವರಲ್ಲಿ ಉಬ್ಬು ಎಷ್ಟೇ ದೊಡ್ಡದಿದ್ದರೂ ಕೈಗೆ ಸಿಗದೆ ಇರಬಹುದು. ಆದ್ದರಿಂದ ಕೈಯಲ್ಲಿ ಮುಟ್ಟಿ ‘ಏನೂ ಇಲ್ಲ’ ಅನ್ನುವ ಹಾಗಿಲ್ಲ.

ಐನ್‌ಸ್ಟೀನ್ ಪ್ರಾಣ ತೆಗೆದದ್ದೂ ಇದೇ

ಈ ಕಾಯಿಲೆಗೆ ಬಲಿಯಾದವರಲ್ಲಿ ಜಗತ್ತಿಗೆಲ್ಲ ಗೊತ್ತಿರುವ ಹೆಸರು ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೀನ್. ಅವರು ಪೈಪ್ ಸೇದುತ್ತಿದ್ದರು. ಆಗಾಗ ಹೊಟ್ಟೆ ನೋವು ಬರುತ್ತಿತ್ತು. 1948ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಡಾ. ರುಡಾಲ್ಫ್ ನಿಸೆನ್ ಹೊಟ್ಟೆ ತೆರೆದು ನೋಡಿದಾಗ ಮಹಾಧಮನಿ ದೊಡ್ಡದಾಗಿ ಉಬ್ಬಿತ್ತು. ಆ ಕಾಲಕ್ಕೆ ನಾಳ ಬದಲಿಸುವ ವಿದ್ಯೆ ಇರಲಿಲ್ಲ. ನಿಸೆನ್ ಆ ಉಬ್ಬಿಗೆ ಸೆಲ್ಲೋಫೇನ್ ಹಾಳೆ ಸುತ್ತಿದರು. ಹಾಳೆಗೆ ಸುತ್ತಲಿನ ಮಾಂಸ ಗಟ್ಟಿಯಾಗಿ, ಗೋಡೆಗೆ ಆಸರೆಯಾಗಲಿ ಎಂಬುದು ಲೆಕ್ಕಾಚಾರ. ಅದರ ಮೇಲೆ ಐನ್‌ಸ್ಟೀನ್ ಆರು ವರ್ಷಕ್ಕೂ ಹೆಚ್ಚು ಬದುಕಿದರು. 1955ರ ಏಪ್ರಿಲ್‌ನಲ್ಲಿ ಉಬ್ಬು ಒಡೆಯಿತು. ಅಷ್ಟರಲ್ಲಿ ಹೊಸ ಆಪರೇಷನ್ ಬಂದಿತ್ತು, ಅವರು ಬೇಡವೆಂದರು. ಏಪ್ರಿಲ್ 18ರಂದು ಪ್ರಿನ್ಸ್‌ಟನ್ ಆಸ್ಪತ್ರೆಯಲ್ಲಿ 76ನೇ ವಯಸ್ಸಿನಲ್ಲಿ ತೀರಿಕೊಂಡರು.

ಹೊಸ ಆಪರೇಷನ್ ಶುರುವಾದದ್ದು 1951ರಲ್ಲಿ. ಪ್ಯಾರಿಸ್ಸಿನ ಡಾ. ಚಾರ್ಲ್ಸ್ ದ್ಯುಬೋಸ್ಟ್ ಉಬ್ಬಿದ ತುಂಡನ್ನು ತೆಗೆದು, ಸತ್ತವರ ದೇಹದಿಂದ ತೆಗೆದಿಟ್ಟ ನಾಳ ಹೊಲಿದರು. ಸತ್ತವರ ನಾಳ ಎಲ್ಲರಿಗೂ ಎಲ್ಲಿಂದ ತರುವುದು? ಅಮೆರಿಕದ ಹ್ಯೂಸ್ಟನ್‌ನಲ್ಲಿ ಡಾ. ಮೈಕೆಲ್ ಡಿಬೇಕಿ ಬಟ್ಟೆಯ ನಾಳ ಮಾಡಲು ಹೊರಟರು. ಡೆಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆ ತಂದು, ಹೆಂಡತಿಯ ಹೊಲಿಗೆ ಮಷೀನಿನಲ್ಲಿ ತಾವೇ ಕೊಳವೆಯಂತೆ ಹೊಲಿದರು. ಮಗ್ಗದ ಸದ್ದು, ಜೀನ್ಸ್ ಹೊಲಿಯುವ ಮಷೀನಿನ ಸದ್ದಿನ ನಡುವೆ ಬದುಕುವ ರಾಯದುರ್ಗದವರಿಗೆ ಇದು ದೂರದ ಮಾತು ಅನ್ನಿಸಲಾರದು. ಇವತ್ತಿಗೂ ತೆರೆದ ಆಪರೇಷನ್‌ನಲ್ಲಿ ಹಾಕುವುದು ಬಹುತೇಕ ಪಾಲಿಯೆಸ್ಟರ್ ಕೊಳವೆಯನ್ನೇ.

‘ಸ್ಕ್ಯಾನಿಂಗ್ ಅಂದ್ರೆ ಬಸುರಿಯರಿಗೆ’ ಎಂಬ ಭಾವನೆ

ಹಳ್ಳಿಗಳಲ್ಲಿ ಸ್ಕ್ಯಾನಿಂಗ್ ಅಂದರೆ ಬಸುರಿಯರಿಗೆ, ಹೆಚ್ಚೆಂದರೆ ಕಿಡ್ನಿ ಕಲ್ಲಿನವರಿಗೆ. ಆದರೆ ಅದೇ ಯಂತ್ರ, ಅದೇ ಜೆಲ್ಲು, ಅದೇ ಐದು ಹತ್ತು ನಿಮಿಷದಲ್ಲಿ ಮಹಾಧಮನಿಯ ಅಗಲವನ್ನೂ ಅಳೆಯಬಹುದು. ಸೂಜಿ ಇಲ್ಲ, ನೋವಿಲ್ಲ, ಎಕ್ಸ್‌ರೇ ಕಿರಣವಿಲ್ಲ. ಹೊಟ್ಟೆಯಲ್ಲಿ ಗ್ಯಾಸ್ ತುಂಬಿದ್ದರೆ ನಾಳ ಸರಿಯಾಗಿ ಕಾಣದ ಕಾರಣ ಬರಿ ಹೊಟ್ಟೆಯಲ್ಲಿ ಹೋಗುವುದು ಒಳ್ಳೆಯದು.

ಇಂಥ ಸ್ಕ್ಯಾನಿನಿಂದ ನಿಜಕ್ಕೂ ಜೀವ ಉಳಿಯುತ್ತದೆಯೇ ಎಂಬುದನ್ನು ಬ್ರಿಟನ್ನಿನಲ್ಲಿ ದೊಡ್ಡದಾಗಿ ಪರೀಕ್ಷಿಸಿದರು. 65ರಿಂದ 74 ವರ್ಷದ ಸುಮಾರು 67,800 ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಕ್ಯಾನಿಗೆ ಕರೆದರು. 2002ರಲ್ಲಿ ಫಲಿತಾಂಶ ಬಂತು. ಕರೆದ ಗುಂಪಿನಲ್ಲಿ ಈ ಉಬ್ಬಿನಿಂದಾಗುವ ಸಾವು ಶೇ 42ರಷ್ಟು ಕಡಿಮೆಯಾಗಿತ್ತು. ಆಮೇಲೆ ಇಂಗ್ಲೆಂಡ್ 2009ರಿಂದ ಹಂತ ಹಂತವಾಗಿ, 2013ರ ಹೊತ್ತಿಗೆ ದೇಶದೆಲ್ಲೆಡೆ, 65 ತುಂಬುವ ಪ್ರತಿ ಗಂಡಸನ್ನೂ ಸ್ಕ್ಯಾನಿಗೆ ಕರೆಯುವ ಪದ್ಧತಿ ತಂದಿತು. ಅಮೆರಿಕದಲ್ಲಿ 65ರಿಂದ 75ರ ನಡುವಿನ, ಯಾವಾಗಲಾದರೂ ಹೊಗೆ ಸೇದಿದ ಗಂಡಸರಿಗೆ ಒಮ್ಮೆ ಸ್ಕ್ಯಾನ್ ಮಾಡಿಸಲು ತಜ್ಞರ ಸಮಿತಿಯ ಶಿಫಾರಸಿದೆ.

ಭಾರತದಲ್ಲಿ ಇಂಥ ಸರ್ಕಾರಿ ಪದ್ಧತಿ ಇಲ್ಲ. ಹಾಗೆಂದು ಊರಿಗೆ ಊರೇ ಸ್ಕ್ಯಾನಿಗೆ ಓಡಬೇಕಾಗಿಯೂ ಇಲ್ಲ. ಇಂಗ್ಲೆಂಡಿನಲ್ಲಿ ಈಗ ಸ್ಕ್ಯಾನಿಗೆ ಬಂದವರಲ್ಲಿ ನೂರಕ್ಕೆ ಒಬ್ಬರ ಆಸುಪಾಸು ಉಬ್ಬು ಸಿಗುತ್ತದೆ. ಅಲ್ಲಿರುವ ನಮ್ಮ ಕಡೆಯ ಮೂಲದವರಲ್ಲಿ ಇನ್ನೂ ಕಡಿಮೆ. ಆದ್ದರಿಂದ ಆಯ್ದು ಮಾಡಿಸಿಕೊಳ್ಳುವುದು ಜಾಣತನ. 65 ದಾಟಿದ, ಬೀಡಿ ಸಿಗರೇಟು ಸೇದಿದ ಗಂಡಸರು ಮತ್ತು ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದವರು ಮೊದಲ ಸಾಲಿನಲ್ಲಿ ಬರುತ್ತಾರೆ.

ಇನ್ನೂ ಸುಲಭದ ದಾರಿ ಒಂದಿದೆ. ಕಲ್ಲು, ಪ್ರಾಸ್ಟೇಟ್, ಹರ್ನಿಯಾ ಹೀಗೆ ಏನಕ್ಕಾದರೂ ಅಜ್ಜನನ್ನು ಹೊಟ್ಟೆ ಸ್ಕ್ಯಾನಿಗೆ ಕರೆದೊಯ್ದಾಗ ‘ಸಾರ್, ಅಯೋರ್ಟಾ ಅಳತೆ ಎಷ್ಟಿದೆ, ರಿಪೋರ್ಟಿನಲ್ಲಿ ಬರೀತೀರಾ?’ ಎಂದು ಕೇಳಿದರೆ ಸಾಕು. ಹೊಟ್ಟೆಯಲ್ಲಿ ಬಡಿತ ಇದ್ದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು. ಡಾಕ್ಟರಿಗೆ ಕನ್ನಡ ಬಾರದಿದ್ದರೆ ತೆಲುಗಿನಲ್ಲಿ ‘ಕಡುಪುಲೋ ಕೊಟ್ಟುಕುಂಟಾ ಉಂದಿ’ ಅಂದರೆ ಅರ್ಥವಾಗುತ್ತದೆ. ‘ಗ್ಯಾಸ್’ ಎಂದು ನಾವೇ ರೋಗದ ಹೆಸರು ಹೇಳಿಬಿಟ್ಟರೆ ಡಾಕ್ಟರೂ ಅದೇ ದಾರಿ ಹಿಡಿಯುತ್ತಾರೆ.

ಎಷ್ಟು ಸೆಂ.ಮೀ.ಗೆ ಏನು?

ಉಬ್ಬು ಸಿಕ್ಕಿತು ಅಂದಾಕ್ಷಣ ಆಪರೇಷನ್ ಅಲ್ಲ. ಎಲ್ಲವೂ ಅಳತೆಯ ಮೇಲೆ.

3 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಉಬ್ಬು ಇಲ್ಲ ಎಂದರ್ಥ. 65ರ ನಂತರ ಒಮ್ಮೆ ಹೀಗೆ ಬಂದರೆ ಬಹುತೇಕರಿಗೆ ಮತ್ತೆ ಸ್ಕ್ಯಾನ್ ಬೇಕಿಲ್ಲ. 3ರಿಂದ 4.4 ಸೆಂ.ಮೀ. ಇದ್ದರೆ ಇಂಗ್ಲೆಂಡಿನ ಪದ್ಧತಿಯಲ್ಲಿ ವರ್ಷಕ್ಕೊಮ್ಮೆ, 4.5ರಿಂದ 5.4 ಇದ್ದರೆ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ಬೇರೆ ದೇಶಗಳ ಪಟ್ಟಿಯಲ್ಲಿ ಅವಧಿ ಸ್ವಲ್ಪ ಹೆಚ್ಚು ಕಡಿಮೆ ಇದೆ. ಎಷ್ಟು ತಿಂಗಳಿಗೆ ಬರಬೇಕು ಎಂಬುದನ್ನು ನೋಡಿದ ವೈದ್ಯರೇ ಹೇಳಬೇಕು.

ಗಂಡಸರಲ್ಲಿ 5.5 ಸೆಂ.ಮೀ., ಹೆಂಗಸರಲ್ಲಿ 5 ಸೆಂ.ಮೀ. ಮುಟ್ಟಿದರೆ ಆಪರೇಷನ್ ಮಾತು ಬರುತ್ತದೆ. 5.5 ಸೆಂ.ಮೀ. ಅಂದರೆ ನಮ್ಮ ಅನಂತಪುರದ ಕಡೆಯ ಸಣ್ಣ ಚೀನಿಕಾಯಿಯಷ್ಟು. ಅಳತೆ ಚಿಕ್ಕದಿದ್ದರೂ ಬೇಗ ಬೆಳೆಯುತ್ತಿದ್ದರೆ, ಅಥವಾ ನೋವು ಕೊಡುತ್ತಿದ್ದರೆ ಕಾಯುವಂತಿಲ್ಲ.

‘ಒಳಗೆ ಬಾಂಬ್ ಇಟ್ಕೊಂಡು ಸುಮ್ಮನೆ ಇರೋದಾ?’ ಎಂದು ಮನೆಯವರು ಕೇಳುವುದು ಸಹಜ. ಇದನ್ನೂ ಬ್ರಿಟನ್, ಅಮೆರಿಕ ಎರಡೂ ಕಡೆ ಪರೀಕ್ಷಿಸಿದ್ದಾರೆ. 5.5ಕ್ಕಿಂತ ಸಣ್ಣ ಉಬ್ಬಿಗೆ ತಕ್ಷಣ ಆಪರೇಷನ್ ಮಾಡಿಸಿಕೊಂಡವರಿಗೂ, ಸ್ಕ್ಯಾನ್ ಮಾಡಿಸುತ್ತ ಕಾದವರಿಗೂ ಬದುಕಿದ ವರ್ಷಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಉಬ್ಬು ಒಡೆಯುವ ಸಾಧ್ಯತೆ ಆಪರೇಷನ್ನಿನ ಅಪಾಯಕ್ಕಿಂತ ಕಡಿಮೆ. ಷರತ್ತು ಒಂದೇ, ಹೇಳಿದ ದಿನಕ್ಕೆ ಸ್ಕ್ಯಾನಿಗೆ ಹೋಗಬೇಕು. ಶೇಂಗಾ ಕೀಳುವ ಕೆಲಸ, ಮದುವೆ, ಜಾತ್ರೆ ಅಂತ ತಪ್ಪಿಸಿದರೆ ಕಾಯುವ ಲೆಕ್ಕ ತಲೆಕೆಳಗಾಗುತ್ತದೆ.

ಕಾಯುವ ಅವಧಿಯಲ್ಲಿ ಬೀಡಿ ನಿಲ್ಲಬೇಕು, ಬಿ.ಪಿ. ಹಿಡಿತದಲ್ಲಿರಬೇಕು. ಇಂಥವರಿಗೆ ಹೃದಯಾಘಾತದ ಅಪಾಯವೂ ಹೆಚ್ಚಿರುವುದರಿಂದ ಕೊಲೆಸ್ಟ್ರಾಲ್ ಗುಳಿಗೆ ಕೊಡುವುದು ರೂಢಿ. ನಡೆದಾಟ, ಮನೆಗೆಲಸಕ್ಕೆ ಅಡ್ಡಿಯಿಲ್ಲ. ಮೂಟೆ ಹೊರುವ ಕೆಲಸದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಉಬ್ಬನ್ನು ಕರಗಿಸುವ ಗುಳಿಗೆ, ಕಷಾಯ, ಪುಡಿ ಯಾವುದೂ ಈವರೆಗೆ ಇಲ್ಲ. ಇದೆ ಎಂದು ಯಾರಾದರೂ ಮಾರಿದರೆ ದುಡ್ಡು ಕೊಡಬೇಡಿ.

ಈ ಆಂಟಿಬಯಾಟಿಕ್ ಬಗ್ಗೆ ಎಚ್ಚರ

ಉಬ್ಬು ಇರುವವರು ಗುಳಿಗೆಗಳಲ್ಲಿ ಒಂದು ಗುಂಪಿನ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ಭೇದಿ, ಉರಿಮೂತ್ರ, ಜ್ವರಕ್ಕೆಂದು ಚೀಟಿಯಿಲ್ಲದೆಯೂ ಮೆಡಿಕಲ್ ಸ್ಟೋರುಗಳಲ್ಲಿ ಕೊಡುವ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಇದೇ ಜಾತಿಯ ‘ಫ್ಲಾಕ್ಸಾಸಿನ್’ ಹೆಸರಿನ ಗುಳಿಗೆಗಳವು. ಮಹಾಧಮನಿಯ ಗೋಡೆ ಸೀಳುವ, ಒಡೆಯುವ ಅಪಾಯವನ್ನು ಇವು ಹೆಚ್ಚಿಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಉಬ್ಬು ಇರುವವರಿಗೆ, ಬೇರೆ ದಾರಿ ಇಲ್ಲದ ಹೊರತು, ಕೊಡಬಾರದು ಎಂಬುದು ಅದರ ಸಾರ. ಹಾಗಾಗಿ ಯಾವ ಡಾಕ್ಟರ ಬಳಿ ಹೋದರೂ, ಊರಿನ ಆರ್‌ಎಂಪಿ ಹತ್ತಿರ ಹೋದರೂ ‘ನನಗೆ ಹೊಟ್ಟೆಯ ನರ ಉಬ್ಬಿದೆ’ ಎಂದು ಮೊದಲು ಹೇಳಬೇಕು.

ಆಪರೇಷನ್: ಎರಡು ದಾರಿ

ಆಪರೇಷನ್‌ಗೆ ಮುನ್ನ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಅದಕ್ಕೆ ನರದಲ್ಲಿ ಬಣ್ಣದ ಔಷಧಿ ಬಿಡುವುದರಿಂದ ಕಿಡ್ನಿ ಪರೀಕ್ಷೆ ಮೊದಲು ಆಗುತ್ತದೆ. ಉಬ್ಬಿನ ಆಕಾರ, ಕಿಡ್ನಿ ನಾಳದಿಂದ ಅದು ಎಷ್ಟು ದೂರ, ಕಾಲಿನ ನಾಳಗಳು ಹೇಗಿವೆ ಎಂಬುದನ್ನು ನೋಡಿ ದಾರಿ ಆರಿಸುತ್ತಾರೆ.

ಮೊದಲನೆಯದು ತೆರೆದ ಆಪರೇಷನ್. ಪೂರ್ತಿ ಅರಿವಳಿಕೆ ಕೊಟ್ಟು, ಹೊಟ್ಟೆ ತೆರೆದು, ಉಬ್ಬಿನ ಮೇಲೆ ಕೆಳಗೆ ಇಕ್ಕಳ ಹಾಕಿ ರಕ್ತ ನಿಲ್ಲಿಸಿ, ಬಟ್ಟೆಯ ಕೊಳವೆ ಹೊಲಿಯುತ್ತಾರೆ. ಆಸ್ಪತ್ರೆಯಲ್ಲಿ ಒಂದು ವಾರದ ಸುಮಾರು, ಮನೆಯಲ್ಲಿ ಸುಧಾರಿಸಿಕೊಳ್ಳಲು ಎರಡು ಮೂರು ತಿಂಗಳು. ದೇಹಕ್ಕೆ ದೊಡ್ಡ ಪೆಟ್ಟು. ಆದರೆ ಒಮ್ಮೆ ಗುಣವಾದರೆ ಕೆಲಸ ಗಟ್ಟಿ, ಮತ್ತೆ ಮತ್ತೆ ತೊಂದರೆ ಕೊಡುವುದು ಕಡಿಮೆ.

ಎರಡನೆಯದು ತೊಡೆಸಂದಿನಿಂದ ಮಾಡುವ ‘ಈವಾರ್’. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಡಾ. ಹುವಾನ್ ಪರೋಡಿ 1990ರಲ್ಲಿ ಮೊದಲು ಮಾಡಿ ತೋರಿಸಿದ ದಾರಿ ಇದು. ತೊಡೆಯ ನಾಳದ ಮೂಲಕ ಮಡಿಸಿದ ಸ್ಟೆಂಟ್ ಗ್ರಾಫ್ಟ್, ಅಂದರೆ ಲೋಹದ ಬಲೆ ಹಾಕಿದ ಬಟ್ಟೆಯ ಕೊಳವೆಯನ್ನು ಏರಿಸಿ, ಉಬ್ಬಿನೊಳಗೆ ಬಿಚ್ಚುತ್ತಾರೆ. ರಕ್ತ ಆ ಕೊಳವೆಯೊಳಗೇ ಹರಿಯುತ್ತದೆ, ಹೊರಗಿನ ಸವೆದ ಗೋಡೆಗೆ ಒತ್ತಡ ತಪ್ಪುತ್ತದೆ. ಹಳೆಯ ಪೈಪಿನೊಳಗೆ ಹೊಸ ಪೈಪ್ ತೂರಿಸಿದಂತೆ. ಎರಡು ಮೂರು ದಿನಕ್ಕೆ ಮನೆಗೆ ಹೋಗಬಹುದು.

ಎರಡರಲ್ಲಿ ಯಾವುದು ಮೇಲು? ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ, ಆಪರೇಷನ್ ಆದ ತಿಂಗಳೊಳಗಿನ ಸಾವು ತೆರೆದ ದಾರಿಯಲ್ಲಿ ಶೇ 4.7, ಈವಾರ್‌ನಲ್ಲಿ ಶೇ 1.7 ಇತ್ತು. ಶುರುವಿನಲ್ಲಿ ಈವಾರ್ ಮುಂದೆ. ಆದರೆ ವರ್ಷಗಳು ಉರುಳಿದಂತೆ ಆ ಲಾಭ ಕರಗಿತು. ಎಂಟು ವರ್ಷದ ನಂತರ ಈವಾರ್ ಮಾಡಿಸಿಕೊಂಡವರಲ್ಲೇ ಉಬ್ಬಿಗೆ ಸಂಬಂಧಿಸಿದ ಸಾವು ಹೆಚ್ಚು ಕಂಡಿತು. ಕಾರಣ, ಕೊಳವೆಯ ಅಂಚಿನಿಂದ ರಕ್ತ ಮತ್ತೆ ಉಬ್ಬಿನೊಳಗೆ ಸೋರುವುದು. ಅದನ್ನು ಹಿಡಿಯಲು ಜೀವಮಾನವಿಡೀ ಸ್ಕ್ಯಾನ್ ಬೇಕು.

ಗಡಿ ಊರಿನವರು ಯೋಚಿಸಬೇಕಾದದ್ದು ಇಲ್ಲೇ. ಸ್ಟೆಂಟ್ ಗ್ರಾಫ್ಟ್ ಒಂದಕ್ಕೇ ಲಕ್ಷಾಂತರ ರೂಪಾಯಿ. ಅದರ ಮೇಲೆ ವರ್ಷ ವರ್ಷ ದೊಡ್ಡ ಊರಿಗೆ ಓಡಾಟ. ವಯಸ್ಸು 80ರ ಹತ್ತಿರ, ಹೃದಯ ಶ್ವಾಸಕೋಶ ದುರ್ಬಲ ಎಂದರೆ ಈವಾರ್ ಸೂಕ್ತ. 65ರ ಗಟ್ಟಿಮುಟ್ಟಾದ ರೈತನಿಗೆ ತೆರೆದ ಆಪರೇಷನ್ ಹಳೆಯ ಪದ್ಧತಿ ಎಂದು ತಳ್ಳಿಹಾಕುವಂತಿಲ್ಲ. ವೈದ್ಯರ ಮುಂದೆ ಎರಡೂ ದಾರಿಯ ಖರ್ಚು, ಮುಂದಿನ ಓಡಾಟ ಎರಡನ್ನೂ ಕೇಳಿ ತೀರ್ಮಾನಿಸಬೇಕು.

ಗಡಿಯ ಪಾಡು: ಆಸ್ಪತ್ರೆ ಒಂದು ಕಡೆ, ಕಾರ್ಡು ಇನ್ನೊಂದು ಕಡೆ

ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆಂಧ್ರ ರಾಜ್ಯವಾದಾಗ ಆದೋನಿ, ಆಲೂರುಗಳ ಜೊತೆ ಅತ್ತ ಹೋಯಿತು. ರಾಜ್ಯ ಬದಲಾದರೂ ಕಾಯಿಲೆ ಬಿದ್ದರೆ ಜನ ಹತ್ತುವುದು ಇಂದಿಗೂ ಬಳ್ಳಾರಿ ಬಸ್ಸನ್ನೇ. ಬಳ್ಳಾರಿ 50 ಕಿ.ಮೀ. ಆಸುಪಾಸು, ಅನಂತಪುರ ಅದರ ಎರಡರಷ್ಟು ದೂರ. ಮಡಕಶಿರಾದ ಸ್ಥಿತಿ ಇನ್ನೂ ವಿಚಿತ್ರ. ಮೂರು ಕಡೆ ಕರ್ನಾಟಕ ಸುತ್ತುವರಿದಿದೆ. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರ ಏಪ್ರಿಲ್‌ನಲ್ಲಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಈಗ ಜಿಲ್ಲಾ ಕೇಂದ್ರ ಪುಟ್ಟಪರ್ತಿ. ಜನರ ಓಡಾಟ ಮಾತ್ರ ಹಿಂದೂಪುರ, ಶಿರಾ, ತುಮಕೂರು, ಬೆಂಗಳೂರು ಕಡೆಗೆ.

ಮಹಾಧಮನಿಯ ಆಪರೇಷನ್ ತಾಲ್ಲೂಕು ಆಸ್ಪತ್ರೆಯ ಕೆಲಸವಲ್ಲ. ಅದಕ್ಕೆ ರಕ್ತನಾಳ ಅಥವಾ ಹೃದಯ–ರಕ್ತನಾಳ ಶಸ್ತ್ರವೈದ್ಯರು, ಐ.ಸಿ.ಯು., ರಕ್ತನಿಧಿ ಎಲ್ಲ ಬೇಕು. ಈ ಭಾಗದವರಿಗೆ ಎಟುಕುವ ಕೇಂದ್ರಗಳೆಂದರೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ, ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯ ರಕ್ತನಾಳ ವಿಭಾಗ, ಹೈದರಾಬಾದಿನ ನಿಮ್ಸ್, ವೆಲ್ಲೂರಿನ ಸಿ.ಎಂ.ಸಿ. ಪುಟ್ಟಪರ್ತಿಯಲ್ಲಿ 1991ರಲ್ಲಿ ಆರಂಭವಾದ ಶ್ರೀ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಹಣ ಪಡೆಯದೆ ಹೃದಯ ಚಿಕಿತ್ಸೆ ನೀಡುವ ಸಂಸ್ಥೆ. ಅಲ್ಲಿ ಹೃದಯ–ರಕ್ತನಾಳ ಶಸ್ತ್ರಚಿಕಿತ್ಸೆಯ ವಿಭಾಗವಿದೆ. ತಮ್ಮ ಕೇಸು ತೆಗೆದುಕೊಳ್ಳುತ್ತಾರೆಯೇ ಎಂದು ರಿಪೋರ್ಟ್ ತೋರಿಸಿ ವಿಚಾರಿಸಬಹುದು.

ಇನ್ನು ಹಣದ ಮಾತು. ಆಂಧ್ರದ ಆರೋಗ್ಯಶ್ರೀ ಯೋಜನೆ 2007ರ ಏಪ್ರಿಲ್ 1ರಂದು ಮೊದಲು ಶುರುವಾದ ಮೂರು ಜಿಲ್ಲೆಗಳಲ್ಲಿ ಅನಂತಪುರವೂ ಒಂದು. ಸರ್ಕಾರ ಬದಲಾದಂತೆ ಯೋಜನೆಯ ಹೆಸರೂ ಬದಲಾಗಿದೆ. 2024ರಿಂದ ಅದು ಡಾ. ಎನ್‌ಟಿಆರ್ ವೈದ್ಯ ಸೇವಾ. 2019ರ ನವೆಂಬರ್‌ನಲ್ಲಿ ಬೆಂಗಳೂರು, ಚೆನ್ನೈ, ಹೈದರಾಬಾದಿನ ಆಯ್ದ ಆಸ್ಪತ್ರೆಗಳಿಗೂ ಅದನ್ನು ವಿಸ್ತರಿಸಲಾಯಿತು. ಆದರೆ ‘ಆಯ್ದ ಆಸ್ಪತ್ರೆ, ಆಯ್ದ ಚಿಕಿತ್ಸೆ’ ಎಂಬ ಮಾತಿನಲ್ಲೇ ತೊಡಕಿದೆ. ಹತ್ತಿರದ ಆಸ್ಪತ್ರೆ ಕರ್ನಾಟಕದ್ದು, ಕೈಯಲ್ಲಿರುವ ಕಾರ್ಡು ಆಂಧ್ರದ್ದು. ಕರ್ನಾಟಕದ ಬಿಪಿಎಲ್ ಕಾರ್ಡಿನ ಸೌಲಭ್ಯ ಗಡಿಯಾಚೆಯ ಕನ್ನಡಿಗನಿಗೆ ಸಿಗುವುದಿಲ್ಲ.

ಉಬ್ಬು ಒಡೆದ ದಿನ ಇದನ್ನೆಲ್ಲ ವಿಚಾರಿಸಿಕೊಂಡು ಕೂರಲು ವೇಳೆ ಇರುವುದಿಲ್ಲ. 4 ಸೆಂ.ಮೀ. ಎಂದು ಗೊತ್ತಾದ ದಿನ ಧಾರಾಳವಾಗಿ ಇರುತ್ತದೆ. ಅವತ್ತೇ ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರಿನಲ್ಲಿ ಅಥವಾ 104ಕ್ಕೆ ಫೋನ್ ಮಾಡಿ ಕೇಳಬೇಕು. ಈ ಆಪರೇಷನ್ ಯೋಜನೆಯಲ್ಲಿದೆಯೇ, ತೆರೆದದ್ದೋ ಈವಾರೋ, ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ಎಂಬ ಉತ್ತರ ಬರೆದಿಟ್ಟುಕೊಂಡರೆ ಮುಂದೆ ಪರದಾಟ ತಪ್ಪುತ್ತದೆ.

ಒಡೆದರೆ ಗುರುತಿಸುವುದು ಹೇಗೆ?

ಇದ್ದಕ್ಕಿದ್ದಂತೆ ಹೊಟ್ಟೆ ಅಥವಾ ಬೆನ್ನಿನಲ್ಲಿ ಸಹಿಸಲಾಗದ ನೋವು. ಕೆಲವರಿಗೆ ಎಡ ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವು. ತಣ್ಣನೆಯ ಬೆವರು, ಕಣ್ಣು ಕತ್ತಲೆ, ತಲೆ ಸುತ್ತಿ ಬೀಳುವುದು. ಕಿಡ್ನಿ ಕಲ್ಲಿನ ನೋವಿಗೂ ಇದಕ್ಕೂ ಮೇಲ್ನೋಟಕ್ಕೆ ವ್ಯತ್ಯಾಸವೇ ಕಾಣುವುದಿಲ್ಲ. 60 ದಾಟಿದ, ಬೀಡಿ ಸೇದುವ ಗಂಡಸಿಗೆ ಜೀವನದಲ್ಲಿ ಮೊದಲ ಸಲ ‘ಕಲ್ಲಿನ ನೋವು’ ಬಂದು, ಜೊತೆಗೆ ತಲೆ ಸುತ್ತಿ ಬಿದ್ದರೆ ಇದನ್ನು ನೆನೆಯಲೇಬೇಕು.

ಆಗ 108ಕ್ಕೆ ಕರೆ ಮಾಡಿ, ಮೊದಲು ರಾಜ್ಯ, ಜಿಲ್ಲೆ, ಮಂಡಲದ ಹೆಸರು ಹೇಳಬೇಕು. ರೋಗಿಯನ್ನು ಮಲಗಿಸಬೇಕು. ನೀರು, ಸೋಡಾ, ಊಟ ಏನೂ ಕೊಡಬಾರದು, ಆಪರೇಷನ್ ಆಗಬೇಕಾಗಬಹುದು. ಹೊಟ್ಟೆ ಒತ್ತಬಾರದು. ‘ಗ್ಲೂಕೋಸ್ ಹಾಕಿ, ಇನ್ನೊಂದು ಬಾಟಲಿ ಹಾಕಿ’ ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಜಗಳಕ್ಕೆ ನಿಲ್ಲಬಾರದು. ಬಾಟಲಿ ಮೇಲೆ ಬಾಟಲಿ ಏರಿಸಿ ಬಿ.ಪಿ. ಒಮ್ಮೆಲೇ ಏರಿದರೆ, ಒಡೆದ ಕಡೆ ತಾತ್ಕಾಲಿಕವಾಗಿ ಹೆಪ್ಪುಗಟ್ಟಿ ನಿಂತ ರಕ್ತ ಮತ್ತೆ ಹರಿಯಬಹುದು. ರೋಗಿ ಎಚ್ಚರದಲ್ಲಿದ್ದು ಮಾತಾಡುತ್ತಿದ್ದರೆ ಎಷ್ಟು ಬೇಕೋ ಅಷ್ಟೇ ಡ್ರಿಪ್ ಕೊಟ್ಟು ಬೇಗ ಮುಂದೆ ಕಳಿಸುವುದು ಇವತ್ತಿನ ಪದ್ಧತಿ. ಹಳೆಯ ಸ್ಕ್ಯಾನ್ ರಿಪೋರ್ಟ್ ಜೊತೆಗಿದ್ದರೆ ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ‘ಏನಾಗಿದೆ’ ಎಂದು ಹುಡುಕುವ ಸಮಯ ಉಳಿಯುತ್ತದೆ.

ನೆನಪಿರಲಿ

* 65 ದಾಟಿದ, ಬೀಡಿ ಸಿಗರೇಟು ಸೇದುವ ಅಥವಾ ಹಿಂದೆ ಸೇದುತ್ತಿದ್ದ ಗಂಡಸರು ವೈದ್ಯರನ್ನು ಕೇಳಿ ಒಮ್ಮೆ ಹೊಟ್ಟೆ ಸ್ಕ್ಯಾನ್ ಮಾಡಿಸಲಿ.

* ಬೇರೆ ಯಾವ ಕಾರಣಕ್ಕೆ ಹೊಟ್ಟೆ ಸ್ಕ್ಯಾನ್ ಆದರೂ ಅಯೋರ್ಟಾ ಅಳತೆ ಕೇಳಿ ಬರೆಸಿಕೊಳ್ಳಿ.

* ಉಬ್ಬು ಇದ್ದರೆ ಅಣ್ಣ ತಮ್ಮಂದಿರಿಗೆ, ಮಕ್ಕಳಿಗೆ ತಿಳಿಸಿ.

* ಹೇಳಿದ ತಿಂಗಳಿಗೆ ಮರು ಸ್ಕ್ಯಾನ್ ತಪ್ಪಿಸಬೇಡಿ. ಹಳೆಯ ರಿಪೋರ್ಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡಿನ ಜೊತೆಗೇ ಇಡಿ.

* ಸಿಪ್ರೊಫ್ಲಾಕ್ಸಾಸಿನ್ ಜಾತಿಯ ಗುಳಿಗೆ ಕೊಡುವ ಮುನ್ನ ಉಬ್ಬಿನ ವಿಷಯ ಹೇಳಿ.

* ಆಪರೇಷನ್ ಯಾವ ಆಸ್ಪತ್ರೆಯಲ್ಲಿ, ಯಾವ ಕಾರ್ಡಿನ ಮೇಲೆ ಎಂಬುದನ್ನು 5 ಸೆಂ.ಮೀ. ಮುಟ್ಟುವ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ.

* ಹೊಕ್ಕುಳ ಹತ್ತಿರದ ಬಡಿತಕ್ಕೆ ಬಟ್ಟಿ ತಿಕ್ಕಿಸುವ ಮುನ್ನ ಡಾಕ್ಟರ ಕೈ ಮುಟ್ಟಿಸಿ.